ಮನೆಯೊಳಗಿನ ದುಡಿಮೆಗೆ ಬೆಲೆ ಕಟ್ಟುವವರಾರು?

ದಶಲಕ್ಷಣ ಪರ್ವದ ದಿನಗಳಲ್ಲಾಗಲಿ, ಮಹಾವೀರ ಜಯಂತಿಯ ಸಂದರ್ಭದಲ್ಲಾಗಲಿ ಮುಂಬೈ, ಪುಣೆ, ಚೆನ್ನೈ, ಹೈದರಾಬಾದುಗಳ ಕನ್ನಡ ಜೈನ ಕುಟುಂಬಗಳು ಒಂದೆಡೆ ಸೇರಿದಾಗ ಸಭಾಗೃಹದ ಒಂದು ಮೂಲೆಯಲ್ಲಿ ನಾಲ್ಕಾರು ಮೇಜುಗಳು ಕಾಣಸಿಗುತ್ತವೆ. ಕಸೂತಿ ಹಾಕಿದ ಸೀರೆ, ಕ್ರೋಷಾ ಹೆಣಿಗೆಯ ಹೊದಿಕೆ, ಮಣಿಯ ತೋರಣ, ಹಳೆಯ ಬಟ್ಟೆಯ ಕೌದಿ, ಹೊಲಿದ ಕೈಚೀಲ ಮೊದಲಾದವು ಅಲ್ಲಿ ಮಾರಾಟಕ್ಕಿರುತ್ತವೆ. ಪ್ರವಚನ ಮುಗಿಸಿ ಬಂದವರು ಅವನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ; ಅಜ್ಜಿಯ ಕಾಲದ ಸೀರೆಯನ್ನು ನೆನೆಯುತ್ತಾರೆ; ಮೆಚ್ಚಿ ನಾಲ್ಕು ಮಾತನಾಡುತ್ತಾರೆ. ಬೆಲೆ ಕೇಳಿದೊಡನೆ ಕೈ ಹಿಂದಕ್ಕೆ ಸರಿಯುತ್ತದೆ. "ಇಷ್ಟೊಂದೇ? ಮನೆಯಲ್ಲೇ ಕೂತು ಮಾಡೋದಲ್ಲವೇನ್ರೀ, ಒಂದಿಷ್ಟು ಕಡಿಮೆ ಮಾಡಿಕೊಳ್ಳಿ" ಎಂಬ ಮಾತು ಬರುತ್ತದೆ. ಸಂಜೆಯ ಹೊತ್ತಿಗೆ ಮೇಜಿನ ಮೇಲಿದ್ದ ಸರಕಿನ ಹೆಚ್ಚಿನ ಭಾಗ ಮರಳಿ ಗಂಟು ಕಟ್ಟಲ್ಪಡುತ್ತದೆ.

ಮನೆಯಲ್ಲಿ ಮಾಡಿದ್ದು ಅಗ್ಗವಾಗಿರಬೇಕು ಎಂಬ ಈ ನಂಬಿಕೆ ಎಲ್ಲಿಂದ ಬಂದಿತು? ಮನೆಗೆ ಬಾಡಿಗೆಯಿಲ್ಲವೇ? ಬೆಳಕಿಗೆ, ನೀರಿಗೆ ಬಿಲ್ಲು ಬರುವುದಿಲ್ಲವೇ? ಹೆಣ್ಣುಮಕ್ಕಳ ಹೊತ್ತಿಗೆ ಬೆಲೆಯೇ ಇಲ್ಲವೇ? ಕೊನೆಯ ಪ್ರಶ್ನೆಯಲ್ಲಿಯೇ ಉಳಿದೆಲ್ಲದರ ಬೇರು ಇದೆ. ಅಂಗಡಿಯಲ್ಲಿ ಕುಳಿತವನ ಹೊತ್ತನ್ನು ವ್ಯಾಪಾರವೆಂದೂ, ಕಚೇರಿಯಲ್ಲಿ ಕುಳಿತವನ ಹೊತ್ತನ್ನು ನೌಕರಿಯೆಂದೂ ಎಣಿಸುವ ಸಮಾಜವು ಅಡುಗೆಮನೆಯ ಪಕ್ಕದ ಕಿಟಕಿಯ ಬಳಿ ಸೂಜಿ ಹಿಡಿದು ಕುಳಿತವಳ ಹೊತ್ತನ್ನು 'ಬಿಡುವು' ಎಂದು ಎಣಿಸಿಬಿಟ್ಟಿದೆ. ಬಿಡುವಿನಲ್ಲಿ ಮಾಡಿದ್ದಕ್ಕೆ ಕೂಲಿ ಯಾಕೆ ಎಂಬ ತರ್ಕ ಅಲ್ಲಿಂದಲೇ ಹುಟ್ಟುತ್ತದೆ.

ಈ ತರ್ಕವನ್ನು ಒಂದು ಲೆಕ್ಕದ ಮುಂದಿಟ್ಟು ನೋಡಬೇಕು. ಕಸೂತಿಯನ್ನೇ ತೆಗೆದುಕೊಳ್ಳಬಹುದು. ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಹೊರಟು ಮಹಾರಾಷ್ಟ್ರದಲ್ಲಿ ನೆಲೆಸಿದ ಕುಟುಂಬಗಳಿಗೆ ಇದು ಹೊಸದಲ್ಲ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ನೂಲಿನ ಎಳೆಗಳನ್ನು ಎಣಿಸುತ್ತ ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆಗಳನ್ನು ಮೂಡಿಸುವ ಕೆಲಸ ಇದು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಮೊದಲಿನ ಎರಡರಲ್ಲಿ ಬಟ್ಟೆಯ ಮುಂಬದಿಯೂ ಹಿಂಬದಿಯೂ ಒಂದೇ ತೆರನಾಗಿ ಕಾಣಬೇಕು, ಗಂಟು ಕಾಣಬಾರದು. ಒಂದು ಎಳೆ ತಪ್ಪಿದರೆ ಸಾಲನ್ನೆಲ್ಲ ಬಿಚ್ಚಬೇಕು. ಹೀಗಾಗಿ ಇದರಲ್ಲಿ ಅವಸರಕ್ಕೆ ಅವಕಾಶವಿಲ್ಲ.

ಒಬ್ಬ ಗೃಹಿಣಿ ಇಳಕಲ್ಲಿನ ಹತ್ತಿ ಸೀರೆಯೊಂದನ್ನು ₹1,800ಕ್ಕೆ ಕೊಂಡು ಸೆರಗು ಮತ್ತು ಅಂಚಿಗೆ ಕಸೂತಿ ಹಾಕುತ್ತಾಳೆ ಎಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ದಾರ, ಸೂಜಿ, ಎಳೆ ಎಣಿಸಲು ಬೇಕಾದ ಜಾಳಿಬಟ್ಟೆಗೆ ₹400; ಫಾಲ್, ಪಿಕೊ, ತೊಳೆತ, ಇಸ್ತ್ರಿಗೆ ₹300; ಪ್ಯಾಕಿಂಗ್ ಮತ್ತು ಸಾಗಣೆಗೆ ₹300. ಹೂಡಿಕೆ ಒಟ್ಟು ₹2,800. ದಿನಕ್ಕೆ 4 ಗಂಟೆಯಂತೆ 25 ದಿನ ಕೆಲಸ ಮಾಡಿದರೆ 100 ಗಂಟೆ. ಸೀರೆ ₹6,500ಕ್ಕೆ ಒಂದು ಅಂಗಡಿಯ ಮೂಲಕ ಮಾರಾಟವಾಗುತ್ತದೆ, ಅಂಗಡಿಯವರು ಶೇ. 30ರಷ್ಟು, ಅಂದರೆ ₹1,950 ಹಿಡಿದುಕೊಳ್ಳುತ್ತಾರೆ. ಉಳಿದ ₹4,550ರಲ್ಲಿ ಹೂಡಿಕೆಯನ್ನು ಕಳೆದರೆ ಕೈಗೆ ಬರುವುದು ₹1,750. ಗಂಟೆಗೆ ಹದಿನೇಳೂವರೆ ರೂಪಾಯಿ. ಅಂಗಡಿಯ ನೆರವಿಲ್ಲದೆ ತಾನೇ ನೇರವಾಗಿ ಮಾರಿದರೂ ಗಂಟೆಗೆ ಸಿಗುವುದು ₹37. ಆದರೆ ಆಗ ಗಿರಾಕಿಯನ್ನು ಹುಡುಕುವ, ಫೋಟೋ ಕಳಿಸುವ, ಚೌಕಾಸಿಗೆ ಉತ್ತರಿಸುವ ಹೊತ್ತನ್ನು ಈ 100 ಗಂಟೆಗಳ ಮೇಲೆ ಕೂಡಿಸಬೇಕಾಗುತ್ತದೆ. ತಿಂಗಳಿಗೊಂದರಂತೆ ವರ್ಷಕ್ಕೆ 12 ಸೀರೆ ಮಾಡಿ, ಎಲ್ಲವೂ ಅಂಗಡಿಯಲ್ಲಿ ಮಾರಾಟವಾದರೂ ವರ್ಷದ ಗಳಿಕೆ ₹21,000. ಮಹಾನಗರದಲ್ಲಿ ಒಂದು ತಿಂಗಳ ಸಂಸಾರವನ್ನು ತೂಗಿಸುವುದೂ ಈ ಮೊತ್ತದಿಂದ ಕಷ್ಟ.

ಗಂಟೆಗೆ ₹80ರಂತೆ ಸಾಧಾರಣ ಕೂಲಿಯನ್ನು ಸೇರಿಸಿದರೆ ಅದೇ ಸೀರೆಯ ಬೆಲೆ ₹10,800 ಆಗುತ್ತದೆ. ಅಂಗಡಿಯ ಪಾಲನ್ನೂ ಸೇರಿಸಿದರೆ ₹15,400 ದಾಟುತ್ತದೆ. ಪಕ್ಕದಲ್ಲಿಯೇ ಕಂಪ್ಯೂಟರ್ ಯಂತ್ರದಲ್ಲಿ ಹೊಲಿದ, ದೂರದಿಂದ ಕಸೂತಿಯಂತೆಯೇ ಕಾಣುವ ಸೀರೆ ಅದರ ಐದನೆಯ ಒಂದು ಪಾಲಿಗೆ ತೂಗುಹಾಕಲ್ಪಟ್ಟಿರುತ್ತದೆ. ಸೀರೆಯನ್ನು ತಿರುಗಿಸಿ ಹಿಂಬದಿಯನ್ನು ನೋಡಿ ಕೊಳ್ಳುವ ಗಿರಾಕಿಗಳು ವಿರಳ. ಹೀಗಾಗಿ ಕೈಕಸುಬಿನವಳಿಗೆ ಎರಡೇ ದಾರಿ ಉಳಿಯುತ್ತವೆ: ನ್ಯಾಯವಾದ ಬೆಲೆ ಹೇಳಿ ಸೀರೆಯನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವುದು, ಇಲ್ಲವೇ ತನ್ನ ಕೂಲಿಯನ್ನು ತಾನೇ ಅಳಿಸಿಹಾಕಿ ಮಾರುವುದು. ಹೆಚ್ಚಿನವರು ಎರಡನೆಯ ದಾರಿಯನ್ನು ಹಿಡಿಯುತ್ತಾರೆ. ದಾರದ ಹಣ ಹಿಂದಕ್ಕೆ ಬಂದರೆ ಲಾಭವಾಯಿತೆಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಲೆಕ್ಕದ ಪುಸ್ತಕವನ್ನೇ ಇಡದ ಕಾರಣ ಈ ನಷ್ಟ ಅವರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ಕಷ್ಟ ಹಣದ ಓಡಾಟದ್ದು. ಅಂಗಡಿಯವರು ಸಾಮಾನ್ಯವಾಗಿ ಸರಕನ್ನು ಕೊಳ್ಳುವುದಿಲ್ಲ. ಇಟ್ಟುಕೊಂಡು, ಮಾರಾಟವಾದ ಮೇಲೆ ಹಣ ಕೊಡುತ್ತಾರೆ. ಮೂರು ಸೀರೆ ಮೂರು ತಿಂಗಳು ಅಲ್ಲಿ ಕುಳಿತರೆ ₹8,400ರ ಬಂಡವಾಳ ಕಟ್ಟಿಹಾಕಲ್ಪಡುತ್ತದೆ. ನಾಲ್ಕನೆಯ ಸೀರೆ ಕೊಳ್ಳಲು ಗಂಡನ ಬಳಿಯೋ ಮಗನ ಬಳಿಯೋ ಕೇಳಬೇಕು. ಕೇಳಿದಾಗ, ಹಿಂದಿನದೇ ಬಂದಿಲ್ಲವಲ್ಲ ಎಂಬ ಉತ್ತರ ಬರುತ್ತದೆ. ಅನೇಕ ಒಳ್ಳೆಯ ಕೈಗಳು ಸೂಜಿಯನ್ನು ಕೆಳಗಿಡುವುದು ಈ ಘಟ್ಟದಲ್ಲಿಯೇ. ಇದಕ್ಕೆ ವಂಚನೆಯ ಕಾಟವೂ ಸೇರಿದೆ. 'ಮನೆಯಲ್ಲಿದ್ದೇ ಗಳಿಸಿ' ಎಂಬ ಜಾಹೀರಾತು ಕೊಟ್ಟು, ಸಾಮಗ್ರಿಗೆಂದು ಠೇವಣಿ ಕಟ್ಟಿಸಿಕೊಂಡು, ಮಾಡಿಕೊಟ್ಟ ಕೆಲಸವನ್ನೆಲ್ಲ 'ಗುಣಮಟ್ಟ ಸಾಲದು' ಎಂದು ತಿರಸ್ಕರಿಸುವವರು ಪ್ರತಿ ನಗರದಲ್ಲೂ ಇದ್ದಾರೆ.

ಸರಕಾರ ಏನು ಮಾಡಿದೆ ಎಂಬ ಪ್ರಶ್ನೆ ಇಲ್ಲಿ ಸಹಜ. ಯೋಜನೆಗಳಿಗೆ ಕೊರತೆಯಿಲ್ಲ. 2015ರ ಏಪ್ರಿಲ್‌ನಲ್ಲಿ ಆರಂಭವಾದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ ಅಡಮಾನವಿಲ್ಲದೆ ₹50,000ದವರೆಗೆ ಸಾಲ ದೊರೆಯುತ್ತದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯು ತರಬೇತಿ, ಉಪಕರಣಕ್ಕೆ ₹15,000, ಶೇ. 5ರ ಬಡ್ಡಿಯಲ್ಲಿ ಸಾಲ ನೀಡುತ್ತದೆ. ಆದರೆ ಅದು ಗುರುತಿಸಿದ 18 ಕಸುಬುಗಳಲ್ಲಿ ದರ್ಜಿ ಇದ್ದಾನೆ, ಮಾಲೆ ಕಟ್ಟುವವನಿದ್ದಾನೆ, ಬುಟ್ಟಿ ಹೆಣೆಯುವವನಿದ್ದಾನೆ, ಕಸೂತಿ ಹಾಕುವವಳಿಲ್ಲ. ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಪ್ರಯೋಜನ ಎಂಬ ನಿಯಮವೂ ಇರುವುದರಿಂದ, ಹೆಸರು ಬರೆಸುವ ಸರದಿಯಲ್ಲಿ ಹೆಣ್ಣಿನ ಹೆಸರು ಹಿಂದೆ ಬೀಳುವುದು ಸುಲಭ.

ಹೊರನಾಡಿನಲ್ಲಿರುವ ಕನ್ನಡತಿಯ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ಕರ್ನಾಟಕದ ಕಸೂತಿಗೆ ಭೌಗೋಳಿಕ ಸೂಚನೆಯ ನೋಂದಣಿ ಇದೆ. ಅದು ಅಗತ್ಯವಾದ ರಕ್ಷಣೆಯೇ. ಆದರೆ ಹೆಸರೇ ಹೇಳುವಂತೆ ಆ ಮಾನ್ಯತೆ ನೆಲಕ್ಕೆ ಅಂಟಿಕೊಂಡದ್ದು. ಧಾರವಾಡದಲ್ಲಿ ತಾಯಿಯಿಂದ ಕಲಿತ ಕೈ ಮದುವೆಯಾಗಿ ಡೊಂಬಿವಲಿಗೆ ಬಂದರೆ ಕೈಯ ಕೌಶಲ ಬದಲಾಗುವುದಿಲ್ಲ. ಮಾನ್ಯತೆ ಮಾತ್ರ ಹಿಂದೆ ಉಳಿಯುತ್ತದೆ. ಕರ್ನಾಟಕ ಸರಕಾರದ ನೆರವಿಗೆ ಆಕೆ ಅಲ್ಲಿಯ ನಿವಾಸಿಯಲ್ಲ. ನೆಲೆಸಿದ ರಾಜ್ಯದ ಕರಕುಶಲ ಪಟ್ಟಿಯಲ್ಲಿ ಆಕೆಯ ಕಲೆ ಪರರಾಜ್ಯದ್ದು. ಮಾರಾಟದ ವಿಷಯದಲ್ಲಿಯೂ ಹೀಗೆಯೇ. ಜಿಎಸ್‌ಟಿ ನೋಂದಣಿಯಿಲ್ಲದ ಸಣ್ಣ ಮಾರಾಟಗಾರರಿಗೆ ಆನ್‌ಲೈನ್ ವೇದಿಕೆಗಳ ಮೂಲಕ ಮಾರಲು 2023ರ ಅಕ್ಟೋಬರ್‌ನಲ್ಲಿ ಕೊಟ್ಟ ಸಡಿಲಿಕೆ ರಾಜ್ಯದೊಳಗಿನ ಮಾರಾಟಕ್ಕೆ ಸೀಮಿತವಾಗಿತ್ತು. ಕಸೂತಿಯ ಬೆಲೆಯನ್ನು ಬಲ್ಲ ಗಿರಾಕಿ ಇರುವುದು ಹುಬ್ಬಳ್ಳಿ, ಬೆಂಗಳೂರುಗಳಲ್ಲಿ. ಮಾಡುವವಳು ಇರುವುದು ಪುಣೆಯಲ್ಲಿ. ಗಡಿ ನಡುವೆ ಬಂದು ನಿಲ್ಲುತ್ತದೆ. ವರ್ಷಕ್ಕೆ 12 ಸೀರೆ ಮಾಡುವವಳನ್ನೂ ಕೋಟಿ ವಹಿವಾಟಿನವನನ್ನೂ ಒಂದೇ ನಮೂನೆಯ ಕಾಗದಪತ್ರಗಳಿಂದ ಅಳೆಯುವ ನೀತಿಯನ್ನು ಜನಪ್ರತಿನಿಧಿಗಳು ಪ್ರಶ್ನಿಸಬೇಕಾಗಿದೆ.

ಕಾನೂನಿನ ಕಣ್ಣಿಗೂ ಮನೆಯೊಳಗಿನ ದುಡಿಮೆಗಾರ್ತಿ ಸುಲಭವಾಗಿ ಕಾಣಿಸಲಿಲ್ಲ. 1972ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ಟರು ಸ್ವಯಂ ಉದ್ಯೋಗಿ ಮಹಿಳೆಯರ ಸಂಘ 'ಸೇವಾ'ವನ್ನು ಕಟ್ಟಹೊರಟಾಗ, ಮಾಲೀಕನೇ ಇಲ್ಲದವರಿಗೆ ಕಾರ್ಮಿಕ ಸಂಘ ಏಕೆ ಎಂಬ ತಕರಾರನ್ನು ಎದುರಿಸಬೇಕಾಯಿತು. ಮನೆಯಲ್ಲಿ ಮಾಡುವ ಕೆಲಸವೂ ಕೆಲಸವೇ ಎಂದು ಒಪ್ಪಿ, ಅಂಥವರಿಗೆ ಇತರ ಕಾರ್ಮಿಕರಿಗೆ ಸರಿಸಮಾನವಾದ ನಡವಳಿಕೆ ಸಿಗಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1996ರಲ್ಲಿ 177ನೆಯ ಒಪ್ಪಂದವನ್ನು ಅಂಗೀಕರಿಸಿತು; ಭಾರತ ಅದನ್ನು ಅನುಮೋದಿಸಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯು ಮನೆ ಆಧಾರಿತ ಕೆಲಸಗಾರರನ್ನು ಹೆಸರಿಸಿ ವ್ಯಾಖ್ಯಾನಿಸಿದೆ ನಿಜ. ಆದರೆ ವ್ಯಾಖ್ಯಾನದಲ್ಲಿ ಹೆಸರು ಬಂದ ಮಾತ್ರಕ್ಕೆ ತಟ್ಟೆಗೆ ಅನ್ನ ಬಂದಂತಾಗದು.

ಇಷ್ಟೆಲ್ಲ ಸರಕಾರದ ಹೊಣೆ. ಜೈನ ಸಮಾಜದ ಹೊಣೆ ಇದಕ್ಕಿಂತ ಹತ್ತಿರದ್ದು, ಆದ್ದರಿಂದಲೇ ತಪ್ಪಿಸಿಕೊಳ್ಳಲಾಗದ್ದು.

ಆದಿನಾಥನು ಪ್ರಜೆಗಳಿಗೆ ಬದುಕುವ ದಾರಿಯಾಗಿ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕರ್ಮಗಳನ್ನು ಕಲಿಸಿದನೆಂದು ಜಿನಸೇನಾಚಾರ್ಯರ ಆದಿಪುರಾಣ ಹೇಳುತ್ತದೆ. ಆ ಆರರಲ್ಲಿ ವಾಣಿಜ್ಯದ ಜೊತೆಗೆ ಶಿಲ್ಪವೂ, ಅಂದರೆ ಕೈಗೆಲಸದ ಕೌಶಲವೂ ಇದೆ ಎಂಬುದನ್ನು ಮರೆಯಬಾರದು. ತಾಮ್ರ ಹಿತ್ತಾಳೆಗಳ ಕಸುಬಿನಿಂದ ಬಾಳಿದ ಬೋಗಾರರೂ ಕಾಸಾರರೂ ಇದೇ ಸಮಾಜದ ಅಂಗಗಳು. ಆದರೂ ಕಳೆದ ಕೆಲವು ತಲೆಮಾರುಗಳಲ್ಲಿ ಗೌರವವೆಲ್ಲ ವಾಣಿಜ್ಯದ ಕಡೆಗೆ, ಈಚೆಗೆ ವಿದ್ಯೆಯ ಕಡೆಗೆ ಹರಿದು, ಶಿಲ್ಪವು 'ಪಾಪ, ಏನೋ ಮಾಡಿಕೊಂಡಿದ್ದಾಳೆ' ಎಂಬ ಕರುಣೆಯ ಮಾತಿಗೆ ಇಳಿದಿದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದನ್ನು ಸಭೆ ಸಭೆಗಳಲ್ಲಿ ಕೊಂಡಾಡಲಾಗುತ್ತದೆ. ಆ ಸಾವಿರ ಪ್ರತಿಗಳ ಹಿಂದೆ ಗರಿ ಹದಮಾಡಿದ, ಕಂಠ ಹಿಡಿದು ಬರೆದ ಅನೇಕ ಕೈಗಳಿದ್ದವು ಎಂಬುದನ್ನೂ ನೆನೆಯಬೇಕು. ಆಕೆ ದಾನ ಮಾಡಬೇಕಾದರೆ ಮೊದಲು ಕೆಲಸ ಕೊಡಬೇಕಾಯಿತು.

ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ, ಅನ್ನಪಾನನಿರೋಧಗಳನ್ನು ಶಾಸ್ತ್ರವು ಎಣಿಸುತ್ತದೆ. ಹೊರಲಾರದ ಹೊರೆ ಹೇರುವುದೂ ಹಿಂಸೆ, ಉಣ್ಣುವುದಕ್ಕೆ ಅಡ್ಡಿ ಮಾಡುವುದೂ ಹಿಂಸೆ. ಎತ್ತಿನ ವಿಷಯದಲ್ಲಿ ಇದನ್ನು ಎಲ್ಲರೂ ಒಪ್ಪುತ್ತಾರೆ. ನೂರು ಗಂಟೆ ಕಣ್ಣು ಬಸಿದವಳಿಗೆ ಗಂಟೆಗೆ ಹದಿನೇಳು ರೂಪಾಯಿ ಸಿಗುವಂತೆ ಚೌಕಾಸಿ ಮಾಡುವುದು ಯಾವ ಪಟ್ಟಿಗೆ ಸೇರುತ್ತದೆ ಎಂದು ಕೇಳಿಕೊಳ್ಳುವವರು ಕಡಿಮೆ. ತೂಕದಲ್ಲಿ ಕಡಿಮೆ ಕೊಡುವುದು ಅಚೌರ್ಯಕ್ಕೆ ದೋಷವಾದರೆ, ಕೂಲಿಯಲ್ಲಿ ಕಡಿಮೆ ಕೊಡುವುದು ಗುಣವಾಗಲಾರದು.

ಸಮಾಜದ ಸಂಸ್ಥೆಗಳೂ ಈ ದೋಷದಿಂದ ಮುಕ್ತವಲ್ಲ. ಪಂಚಕಲ್ಯಾಣಕ್ಕೋ ವಿಧಾನಕ್ಕೋ ತೋರಣ, ಶಾಸ್ತ್ರಗ್ರಂಥ ಸುತ್ತುವ ವಸ್ತ್ರ, ಪೂಜಾದ್ರವ್ಯದ ಚೀಲಗಳು ಬೇಕಾದಾಗ ಮಹಿಳೆಯರಿಗೆ 'ಸೇವೆ ಎಂದು ಮಾಡಿಕೊಡಿ' ಎಂದು ಹೇಳಲಾಗುತ್ತದೆ. ಅದೇ ಕಾರ್ಯಕ್ರಮದ ಶಾಮಿಯಾನದವನಿಗೂ ಧ್ವನಿವರ್ಧಕದವನಿಗೂ ಕ್ಯಾಟರಿಂಗಿನವನಿಗೂ ಪೂರ್ತಿ ಹಣ ಸಂದಾಯವಾಗುತ್ತದೆ. ಇದ್ದವಳು ಮನಃಪೂರ್ವಕ ಮಾಡುವ ಸೇವೆ ದೊಡ್ಡದೇ. ಆದರೆ ಅದರಿಂದಲೇ ಮನೆ ನಡೆಸಬೇಕಾದ ವಿಧವೆಯ ಬಳಿ, ಗಂಡನ ನೌಕರಿ ಹೋದವಳ ಬಳಿ ಸೇವೆಯ ಹೆಸರಿನಲ್ಲಿ ಪುಕ್ಕಟೆ ದುಡಿಮೆ ಕೇಳುವುದು ಸಂಕೋಚದ ಸಂಗತಿ. ಆಕೆ ಇಲ್ಲವೆನ್ನಲಾರಳು, ಅದು ಕೇಳುವವರಿಗೂ ಗೊತ್ತು.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಮುಂಬೈಯ ಕನ್ನಡಿಗರ ಕಣ್ಣೆದುರಿಗೇ ಒಂದು ಮಾದರಿ ಇದೆ. 1959ರಲ್ಲಿ ಗಿರಗಾಂವಿನಲ್ಲಿ ಏಳು ಮಂದಿ ಮಹಿಳೆಯರು ₹80 ಸಾಲ ತಂದು ಹಪ್ಪಳ ಒತ್ತಲು ಕುಳಿತರು. ಅದು ಲಿಜ್ಜತ್ ಆಯಿತು. ಆ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು. ಅಲ್ಲಿಯ ವ್ಯವಸ್ಥೆಯನ್ನು ಗಮನಿಸಬೇಕು. ಹಿಟ್ಟು ಶಾಖೆಯಲ್ಲಿ ಸಿದ್ಧವಾಗುತ್ತದೆ. ಸಹೋದರಿಯರು ಅದನ್ನು ಮನೆಗೊಯ್ದು ಹಪ್ಪಳ ಒತ್ತಿ ತಂದೊಪ್ಪಿಸಿ ಕೂಲಿ ಪಡೆಯುತ್ತಾರೆ. ಲಾಭದಲ್ಲಿಯೂ ಅವರಿಗೆ ಪಾಲಿದೆ. ಕಚ್ಚಾ ಸಾಮಗ್ರಿ ಕೊಳ್ಳುವ, ಬೆಲೆ ನಿಗದಿ ಮಾಡುವ, ಗಿರಾಕಿಯನ್ನು ಹುಡುಕುವ ಹೊರೆ ಒಬ್ಬೊಬ್ಬಳ ತಲೆಯ ಮೇಲಿಲ್ಲ. ದಾನವನ್ನು ಸ್ವೀಕರಿಸುವುದಿಲ್ಲ ಎಂಬುದು ಅವರ ಮೊದಲ ದಿನದ ನಿಯಮಗಳಲ್ಲೊಂದು. ಹಪ್ಪಳಕ್ಕೂ ಕಸೂತಿಗೂ ವ್ಯತ್ಯಾಸವಿದೆ: ಹಪ್ಪಳ ದಿನವೂ ಖರ್ಚಾಗುವಂಥದ್ದು, ಕಸೂತಿ ಸೀರೆ ಹಾಗಲ್ಲ. ಆದರೆ ಒಂಟಿಯಾಗಿ ಮಾಡಿದರೆ ಸೋಲುವ ಕೆಲಸ ಒಟ್ಟಾಗಿ ಮಾಡಿದಾಗ ನಿಲ್ಲುತ್ತದೆ ಎಂಬ ತತ್ತ್ವಕ್ಕೆ ವ್ಯತ್ಯಾಸವಿಲ್ಲ.

ಊರೂರಿನ ಜೈನ ಸಂಘಗಳು ಮಾಡಬಹುದಾದ ಕೆಲಸಗಳು ಸ್ಪಷ್ಟವಾಗಿವೆ. ಬಸದಿಗಳ ಸಮುದಾಯ ಭವನಗಳು ವಾರದ ಐದು ದಿನ ಬೀಗ ಹಾಕಿಕೊಂಡಿರುತ್ತವೆ. ಒಂದು ಕೋಣೆಯನ್ನು ಮಧ್ಯಾಹ್ನದ ಮೂರು ಗಂಟೆ ಕೈಗೆಲಸದವರಿಗೆ ಬಿಟ್ಟುಕೊಟ್ಟರೆ ಒಳ್ಳೆಯ ಬೆಳಕು, ಒಟ್ಟು ಕೂರುವ ಧೈರ್ಯ, ಕಿರಿಯರಿಗೆ ಕಲಿಯುವ ಅವಕಾಶ ಒಂದೇ ಕಡೆ ದೊರೆಯುತ್ತದೆ. ದಾರ, ಬಟ್ಟೆಗಳನ್ನು ಹತ್ತು ಮಂದಿ ಸೇರಿ ಸಗಟಾಗಿ ತರಿಸಿದರೆ ಹೂಡಿಕೆ ಇಳಿಯುತ್ತದೆ. ಸನ್ಮಾನಗಳಿಗೆಂದು ಸಂಘಗಳು ವರ್ಷವಿಡೀ ಕೊಳ್ಳುವ, ಮನೆಗೆ ಹೋದ ಮೇಲೆ ಯಾರೂ ಹೊದೆಯದ ಹೊಳೆಯುವ ಶಾಲುಗಳ ಬದಲು ಒಂದು ಪಾಲನ್ನು ಇವರಿಂದಲೇ, ಮುಂಗಡ ಕೊಟ್ಟು, ಲಿಖಿತ ದರದಲ್ಲಿ ಕೊಳ್ಳಬಹುದು. ಮದುವೆ ಮನೆಗಳು ಉಡುಗೊರೆಯ ಚೀಲಗಳಿಗೂ ಇದೇ ಕ್ರಮವನ್ನು ಅನುಸರಿಸಬಹುದು.

ಲೆಕ್ಕಪರಿಶೋಧಕರು ಈ ಸಮಾಜದಲ್ಲಿ ಕಡಿಮೆಯಿಲ್ಲ. ತಿಂಗಳಿಗೊಂದು ಭಾನುವಾರ ಅವರು ಎರಡು ಗಂಟೆ ಕುಳಿತರೆ ಉದ್ಯಮ್ ನೋಂದಣಿ, ಜವಳಿ ಸಚಿವಾಲಯದ ಕುಶಲಕರ್ಮಿ ಗುರುತಿನ ಚೀಟಿ, ಆಕೆಯದೇ ಹೆಸರಿನ ಬ್ಯಾಂಕ್ ಖಾತೆ ಇವನ್ನೆಲ್ಲ ಮಾಡಿಸಿಕೊಡಬಹುದು. ಉದ್ಯಮ್ ನೋಂದಣಿ ಬರಿಯ ಕಾಗದವಲ್ಲ: 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ, ಕಿರು ಉದ್ಯಮದಿಂದ ಸರಕು ಕೊಂಡವರು ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಲ್ಲಿಸಬೇಕು. ಮಾರಾಟವಾದ ಮೇಲೆ ನೋಡೋಣ ಎಂಬ ಬಾಯಿಮಾತಿನ ಬದಲು ಖರೀದಿಯ ಚೀಟಿ ಬರೆಸಿಕೊಳ್ಳುವ ರೂಢಿ ಬಂದರೆ ಮಾತ್ರ ಆ ರಕ್ಷಣೆಗೆ ಅರ್ಥ. 2014ರಲ್ಲಿ ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ದೊರೆತ ಮೇಲೆ ರಾಷ್ಟ್ರೀಯ ಅಲ್ಪಸಂಖ್ಯಾತರ ಅಭಿವೃದ್ಧಿ ಮತ್ತು ಹಣಕಾಸು ನಿಗಮದ ಸಾಲಗಳೂ, ಕುಶಲಕರ್ಮಿಗಳಿಗೆಂದೇ ಇರುವ ವಿರಾಸತ್ ಯೋಜನೆಯೂ ಅರ್ಹ ಜೈನ ಕುಟುಂಬಗಳಿಗೆ ತೆರೆದಿವೆ. ಮಾನ್ಯತೆಗಾಗಿ ಹೋರಾಡಿದ ಉತ್ಸಾಹದ ಒಂದಂಶವಾದರೂ ಅದನ್ನು ಬಡ ಮನೆಯ ಬಾಗಿಲಿಗೆ ತಲುಪಿಸುವುದರಲ್ಲಿ ಕಾಣಬೇಕಾಗಿತ್ತು. 'ಜೈನರಲ್ಲಿ ಬಡವರೆಲ್ಲಿ' ಎಂಬ ಹುಸಿ ಹೆಮ್ಮೆ ಇದಕ್ಕೆ ಅಡ್ಡ ನಿಂತಿದೆ.

ಕೈಗೆಲಸದವರಿಗೂ ಹೇಳಬೇಕಾದ ಮಾತುಗಳಿವೆ, ಅವು ಸಿಹಿಯಾಗಿಲ್ಲ. ಎಲ್ಲ ಹವ್ಯಾಸಗಳೂ ಜೀವನೋಪಾಯವಾಗಲಾರವು. ಗಂಟೆ ಬರೆದಿಡದವಳಿಗೆ ತನ್ನ ಲಾಭ ನಷ್ಟ ತಿಳಿಯದು. ಇಡೀ ಸೀರೆ ಮಾರಾಟವಾಗದ ಕಡೆ ಖಣದ ಕುಪ್ಪಸ, ಪ್ರತ್ಯೇಕವಾಗಿ ಹೊಲಿದು ಹಚ್ಚುವ ಅಂಚು, ಚಿಕ್ಕ ಕೈಚೀಲಗಳಂಥ ಕೆಲವೇ ಗಂಟೆಗಳ ವಸ್ತುಗಳು ಹಣವನ್ನು ಬೇಗ ತಿರುಗಿಸುತ್ತವೆ. ಮಾಡಿ ಮಾರುವುದಕ್ಕಿಂತ ಕಲಿಸಿ ಗಳಿಸುವುದು ಹಲವರಿಗೆ ಹೆಚ್ಚು ನಂಬುವಂಥ ಆದಾಯ. ಸಂಸಾರದ ಪೂರ್ತಿ ಹೊರೆ ಹೊತ್ತವಳು ಇದೊಂದನ್ನೇ ನೆಚ್ಚಿ ಸಾಲ ಮಾಡುವ ಮೊದಲು ಮೇಲಿನ ಲೆಕ್ಕವನ್ನು ತನ್ನ ಅಂಕಿಗಳಿಂದ ಒಮ್ಮೆ ಬರೆದು ನೋಡಬೇಕು. ಯಾರೋ ಕಡಿಮೆ ಬೆಲೆಗೆ ಕೊಟ್ಟರೆಂದು ತಾನೂ ಇಳಿಸುವುದು ಪಕ್ಕದ ಮೇಜಿನ ಅಕ್ಕನ ಅನ್ನಕ್ಕೂ ಕಲ್ಲು ಹಾಕಿದಂತೆ. ದರವನ್ನು ಒಟ್ಟಾಗಿ ಗೊತ್ತುಪಡಿಸುವುದು ಎಲ್ಲರಿಗೂ ಕ್ಷೇಮ.

ಮನೆಯವರೂ ಒಂದು ಹೆಜ್ಜೆ ಮುಂದೆ ಬರಬೇಕು. ಕೆಲಸದ ನಾಲ್ಕು ಗಂಟೆ ಆಕೆಯದು ಎಂದು ಒಪ್ಪಿ, ಆ ಹೊತ್ತಿನಲ್ಲಿ ಬಂದವರಿಗೆ ಚಹಾ ಮಾಡುವ ಕೆಲಸವನ್ನು ಬೇರೊಬ್ಬರು ವಹಿಸಿಕೊಂಡರೆ ಅದೂ ಒಂದು ಬಂಡವಾಳವೇ. ಗಳಿಸಿದ ಹಣ ಆಕೆಯ ಖಾತೆಯಲ್ಲಿ ಉಳಿದು ಮುಂದಿನ ಸೀರೆಗೆ ಒದಗಿದರೆ ಮಾತ್ರ ಉದ್ಯಮವು ಉದ್ಯಮವಾಗುತ್ತದೆ.

ಮುಂದಿನ ಪರ್ವದಲ್ಲಿ ಮತ್ತೆ ಆ ಮೇಜುಗಳು ಸಾಲಾಗಿ ನಿಲ್ಲುತ್ತವೆ. ಕೊಳ್ಳುವ ಶಕ್ತಿಯಿಲ್ಲದವರು ಮೆಚ್ಚಿ ಮುಂದೆ ಹೋಗುವುದರಲ್ಲಿ ತಪ್ಪಿಲ್ಲ. ಶಕ್ತಿಯಿದ್ದವರು ಚೌಕಾಸಿಗೆ ಬಾಯಿ ತೆರೆಯುವ ಮೊದಲು ಒಂದು ಪ್ರಶ್ನೆ ಕೇಳಬಹುದು: "ಇದಕ್ಕೆ ಎಷ್ಟು ದಿನ ಹಿಡಿಯಿತಮ್ಮಾ?" ಉತ್ತರ ಕೇಳಿದ ಮೇಲೆ ಬೆಲೆ ಹೆಚ್ಚಾಯಿತೆಂದು ಹೇಳುವುದು ಶ್ರಾವಕರಿಗೆ ಅಷ್ಟು ಸುಲಭವಾಗಲಾರದು.